ಕಟ್ಟಿಗೆ ಸೀಳುವ ಯಂತ್ರ ಕೊಳ್ಳುವ ಮುನ್ನ



ಕಳೆದ ಎರಡು ತಿಂಗಳಲ್ಲಿ ನಿಮ್ಮ ಪೈಕಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದೀರಿ: “ಮನೆಯ ಕಟ್ಟಿಗೆ ಸೀಳುವುದಕ್ಕೆ ಯಂತ್ರವೊಂದನ್ನು ಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು ಸಾರ್?” ನಿವೃತ್ತನಾದ ವಿಜ್ಞಾನದ ಮಾಸ್ತರನಿಗೆ ಇಂಥ ಪ್ರಶ್ನೆ ಬಂದಾಗ ಆಗುವ ಸಂತೋಷ ಸಣ್ಣದಲ್ಲ. ಪಾಸ್ಕಲನ ನಿಯಮವನ್ನು ಮತ್ತೊಮ್ಮೆ ಹೇಳುವ ಅವಕಾಶ ಯಾರಿಗೆ ಬೇಡ? ಆದರೂ ಮೂವರಿಗೂ ಉತ್ತರಿಸಲು ನಾನು ತಡಮಾಡಿದೆ. ತಡಮಾಡಿದ್ದರ ಕಾರಣವನ್ನೂ ಉತ್ತರವನ್ನೂ ಒಟ್ಟಿಗೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿಯೂ ಪರದೇಶದಲ್ಲಿಯೂ ಇರುವವರಿಗೆ, ಗ್ಯಾಸು ಬಂದು ಇಷ್ಟು ವರ್ಷಗಳಾದ ಮೇಲೂ ಕಟ್ಟಿಗೆಯ ಮಾತೇಕೆ ಎನ್ನಿಸಬಹುದು. ನಮ್ಮ ಸಾಗರ ಸೀಮೆಯ ಮನೆಗಳಲ್ಲಿ ಅಡುಗೆ ಗ್ಯಾಸಿಗೆ ಹೋಗಿದೆ. ಬಚ್ಚಲ ಒಲೆ ಹೋಗಿಲ್ಲ. ಮಾಡಿನ ಮೇಲೆ ಸೌರ ಹೀಟರ್ ಕೂರಿಸಿದವರೂ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಹಂಡೆಯ ಮುಂದೆಯೇ ಕುಳಿತುಕೊಳ್ಳುತ್ತಾರೆ. ಅದರ ಮೇಲೆ ಅಡಿಕೆ ಸುಗ್ಗಿ. ಸುಲಿದ ಅಡಿಕೆಯನ್ನು ಬೇಯಿಸುವ ಒಲೆಗೆ ದಿನವಿಡೀ ಉರಿ ಬೇಕು. ಆದ್ದರಿಂದ ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಮನೆ ತುಂಬದಿದ್ದರೆ ಮನೆಯ ಹೆಂಗಸರ ಮುಖ ನೋಡುವುದು ಕಷ್ಟವೆಂಬ ಮಾತು ಇಂದಿಗೂ ಸುಳ್ಳಾಗಿಲ್ಲ.

ನಮ್ಮ ಮನೆಗೆ ಕಟ್ಟಿಗೆ ಸೀಳಿಕೊಡಲು ಮೂವತ್ತು ವರ್ಷಗಳ ಕಾಲ ಒಬ್ಬರೇ ಬರುತ್ತಿದ್ದರು. ಕುಂಟೆಯ ತಲೆಯನ್ನು ಒಂದು ಕ್ಷಣ ನೋಡಿ, ಬಿರುಕು ಎತ್ತ ಓಡುವುದೆಂದು ತಿಳಿದು, ಬೆಣೆಯನ್ನು ಅಲ್ಲಿಯೇ ಇಟ್ಟು ಎರಡು ಏಟು ಹಾಕಿದರೆ ಮರ ತಾನಾಗಿ ಬಾಯಿ ಬಿಡುತ್ತಿತ್ತು. ಗಂಟಿರುವ ಕುಂಟೆಯನ್ನು ಗಂಟಿನ ನಡುವೆ ಹೊಡೆಯಬಾರದು, ಅಂಚಿನಿಂದ ಬಿಡಿಸಿಕೊಂಡು ಬರಬೇಕು ಎಂಬುದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಅವರಿಂದ. ವಯಸ್ಸಾಗಿ ಅವರ ಭುಜ ಸೋತಿತು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಹಿಡಿದದ್ದು ಒಳ್ಳೆಯದೇ ಆಯಿತು. ಕೊಡಲಿ ಎತ್ತುವ ವಯಸ್ಸು ನನ್ನದೂ ಅಲ್ಲ. ಹೀಗಾಗಿ 2022ರ ಬೇಸಗೆಯಲ್ಲಿ ನಮ್ಮ ಮನೆಗೂ ಯಂತ್ರ ಬಂದಿತು.

ಕೊಳ್ಳುವ ಮೊದಲು ನಾನು ಮಾಡಿದ ಅಧ್ಯಯನವನ್ನು ನಿಮಗೆ ಒಪ್ಪಿಸುತ್ತೇನೆ, ಏಕೆಂದರೆ ಅದು ಇಂದಿಗೂ ಉಪಯೋಗಕ್ಕೆ ಬರುವಂಥದು. ಮನೆಮಟ್ಟಿಗೆ ದೊರೆಯುವ ಸಾಧನಗಳು ಸ್ಥೂಲವಾಗಿ ಮೂರು ಬಗೆ.

ಮೊದಲನೆಯದು ಕೈಬಲದ್ದು: ಕೊಡಲಿ, ಬೆಣೆ, ಸುತ್ತಿಗೆ. ನೇರ ಎಳೆಯ ಮರವನ್ನು ಹಸಿಯಿರುವಾಗಲೇ ಒಂದೂವರೆ ಅಡಿಯ ತುಂಡು ಮಾಡಿಕೊಂಡರೆ, ಬಚ್ಚಲ ಒಲೆಯೊಂದಕ್ಕೆ ಇದೇ ಸಾಕು. ನೀಲಗಿರಿಯಂಥ, ಎಳೆ ತಿರುಚಿಕೊಂಡ ಮರವನ್ನಂತೂ ಒಣಗಲು ಬಿಟ್ಟರೆ ಆಮೇಲೆ ಅದು ಕೊಡಲಿಗೆ ಬಗ್ಗುವುದಿಲ್ಲ. ಬೆಣೆಯ ತಲೆ ಏಟು ತಿಂದು ತಿಂದು ನಾಯಿಕೊಡೆಯಂತೆ ಅರಳಿದ್ದರೆ ಅದನ್ನು ಉಜ್ಜಿಸಿ ಸರಿಮಾಡಿಸಿ. ಅಲ್ಲಿಂದ ಸಿಡಿಯುವ ಉಕ್ಕಿನ ಚೂರು ಕಣ್ಣಿಗೆ ನಾಟುತ್ತದೆ. ಈ ವರ್ಗದ ಹೊಸ ಸಾಧನವೊಂದರ ಕಥೆ ಕೇಳಿ ನನಗೆ ಬಹಳ ಹಿತವಾಯಿತು. ನ್ಯೂಜಿಲೆಂಡಿನ ಆಯ್ಲಾ ಹಚಿನ್ಸನ್ ಎಂಬ ಶಾಲಾ ಬಾಲಕಿ, ಸಣ್ಣ ಸೌದೆ ಸೀಳುವಾಗ ತಾಯಿಯ ಬೆರಳಿಗೆ ಪೆಟ್ಟಾದುದನ್ನು ಕಂಡು, ಶಾಲೆಯ ವಿಜ್ಞಾನ ಮೇಳಕ್ಕೆಂದು ಅದನ್ನು ರೂಪಿಸಿದಳು. ಅಲಗು ಮೇಲ್ಮುಖವಾಗಿ ನಿಂತಿರುತ್ತದೆ, ಸುತ್ತ ಎರಕದ ಕಬ್ಬಿಣದ ಬಳೆ. ಸೌದೆಯನ್ನು ಬಳೆಯೊಳಗೆ ನಿಲ್ಲಿಸಿ ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಆಯಿತು. ಬೀಸುವ ಅಲಗೇ ಇಲ್ಲ! ಎಷ್ಟು ಸಾವಿರ ವರ್ಷಗಳಿಂದ ಮನುಷ್ಯ ಕೊಡಲಿ ಬೀಸುತ್ತಿದ್ದಾನೆ. ಅಲಗನ್ನು ತಿರುಗಿಸಿ ನಿಲ್ಲಿಸಬೇಕೆಂದು ಒಂದು ಮಗುವಿಗೆ ಹೊಳೆಯಿತು, ಏಕೆಂದರೆ ಅವಳು ಮರವನ್ನು ನೋಡಲಿಲ್ಲ, ತಾಯಿಯ ಕೈಯನ್ನು ನೋಡಿದಳು.

ಎರಡನೆಯದು ತಿರುಪಿನ ಯಂತ್ರ. ಬುಗುರಿಯಂತಿರುವ ಉಕ್ಕಿನ ಶಂಕುವಿಗೆ ಮರೆ ಕೊರೆದು, ಅದನ್ನು ಮೋಟಾರಿಗೋ ಟ್ರ್ಯಾಕ್ಟರಿಗೋ ಜೋಡಿಸಿ ತಿರುಗಿಸುತ್ತಾರೆ. ಕುಂಟೆಯನ್ನು ಮುಟ್ಟಿಸಿದರೆ ತಿರುಪು ತಾನೇ ಒಳಹೊಕ್ಕು ಮರವನ್ನು ಸಿಗಿಯುತ್ತದೆ. ವರ್ಕ್‌ಶಾಪಿನವರೇ ಮಾಡಿಕೊಡಬಲ್ಲಷ್ಟು ಸರಳ, ಬೆಲೆಯೂ ಕಡಿಮೆ. ಕೆಲಸವೂ ಬಲು ಚುರುಕು. ನಿಮ್ಮಲ್ಲಿ ಇಬ್ಬರು ಕೇಳಿದ್ದು ಇದನ್ನೇ.

ಮೂರನೆಯದು ಎಣ್ಣೆಯ ಒತ್ತಡದ ಯಂತ್ರ, ಅಂದರೆ ಹೈಡ್ರಾಲಿಕ್. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹಕ್ಕುಪತ್ರ ಪಡೆದ ಒತ್ತುಯಂತ್ರದ ಮೊಮ್ಮಗನಿದು. ಹತ್ತನೆಯ ತರಗತಿಯ ಲೆಕ್ಕವನ್ನು ನೆನಪಿಸಿಕೊಳ್ಳಿ. ಕೊಂತದ ವ್ಯಾಸ 6 ಸೆಂಟಿಮೀಟರ್ ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಆದರೆ ಒಟ್ಟು ಬಲ 5,600 ಕಿಲೋ, ಅಂಗಡಿಯವರ ಭಾಷೆಯಲ್ಲಿ ಐದೂವರೆ ಟನ್. ಒಂದು ಅಡಿಯೊಳಗಿನ ದಪ್ಪದ, ಗಂಟಿಲ್ಲದ ಕುಂಟೆಗಳಿಗೆ ಇದು ಧಾರಾಳವಾಯಿತು. ಗಂಟುಗಂಟಾದ ಹುಣಿಸೆಯನ್ನೂ ಹಳೆಯ ಮಾವಿನ ಬುಡವನ್ನೂ ಸೀಳಬೇಕೆನ್ನುವವರು ಇದರ ಎರಡು ಮೂರು ಪಟ್ಟು ಬಲದ್ದನ್ನು ನೋಡಬೇಕಾಗುತ್ತದೆ.

ಆದರೆ ಬಲವನ್ನು ಯಾರೂ ಪುಕ್ಕಟೆಯಾಗಿ ಕೊಡುವುದಿಲ್ಲ. ಮೋಟಾರಿನಿಂದ ಕೊಂತಕ್ಕೆ ತಲಪುವುದು 1,500 ವಾಟ್ ಎಂದಿಟ್ಟುಕೊಳ್ಳಿ. ಐದು ಟನ್ ಬಲವೆಂದರೆ ಸುಮಾರು 50,000 ನ್ಯೂಟನ್. ಭಾಗಿಸಿದರೆ ಕೊಂತ ಸೆಕೆಂಡಿಗೆ 3 ಸೆಂಟಿಮೀಟರ್ ಮಾತ್ರ ಚಲಿಸಬಲ್ಲದು. ಅರ್ಧ ಮೀಟರಿನ ಕುಂಟೆಯ ಉದ್ದಕ್ಕೂ ಪೂರ್ಣಬಲದಲ್ಲಿ ನೂಕಲು ಹದಿನಾರು, ಹದಿನೇಳು ಸೆಕೆಂಡು. ಈ ಹದಿನೇಳು ಸೆಕೆಂಡನ್ನು ದಯವಿಟ್ಟು ನೆನಪಿನಲ್ಲಿಡಿ.

ನಾನು ಕೊಂಡದ್ದು ಈ ಮೂರನೆಯ ಬಗೆಯ, ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುವ ಯಂತ್ರವನ್ನು. ಅದನ್ನು ನಡೆಸಲು ಎರಡೂ ಕೈ ಬೇಕು. ಒಂದು ಕೈ ಮೋಟಾರಿನ ಗುಂಡಿಯನ್ನು ಒತ್ತಿಯೇ ಇರಬೇಕು, ಇನ್ನೊಂದು ಎಣ್ಣೆಯ ಹಿಡಿಕೆಯನ್ನು ಅದುಮಿಯೇ ಇರಬೇಕು. ಯಾವ ಕೈ ತೆಗೆದರೂ ಕೊಂತ ಮುಂದೆ ಹೋಗುವುದಿಲ್ಲ. ಬೆಣೆಯ ಯಂತ್ರಗಳಿಗೆ ಐರೋಪ್ಯ ಸುರಕ್ಷತಾ ಮಾನಕವಾದ ಇಎನ್ 609 ಇಂಥ ಏರ್ಪಾಟನ್ನು ಬಯಸುತ್ತದೆ. ಎರಡೂ ಕೈಗಳು ಹಿಡಿಕೆಗಳ ಮೇಲಿದ್ದರೆ ಅವು ಬೇರೆಲ್ಲಿಯೂ ಇರಲಾರವು ಎಂಬಷ್ಟೇ ಅದರ ತರ್ಕ.

ಮೊದಲ ವಾರ ಎಲ್ಲವೂ ಸರಿಯಾಗಿತ್ತು. ಎರಡನೆಯ ವಾರದಲ್ಲಿ ನನಗೆ ಆ ಹದಿನೇಳು ಸೆಕೆಂಡು ಉದ್ದವೆನ್ನಿಸಿತು. ಒಂದು ಕೈ ಬಿಡುವಾದರೆ ಮುಂದಿನ ಕುಂಟೆಯನ್ನು ಎಳೆದುಕೊಳ್ಳಬಹುದಲ್ಲ ಎಂದುಕೊಂಡು ಎಣ್ಣೆಯ ಹಿಡಿಕೆಯನ್ನು ಹುರಿಹಗ್ಗದಿಂದ ಕೆಳಕ್ಕೆ ಕಟ್ಟಿಬಿಟ್ಟೆ. ಕೆಲಸ ಬೇಗ ಸಾಗಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಮೂರನೆಯ ದಿನದ ಸಂಜೆ, ನಾಲ್ಕು ಗಂಟೆಯ ಮೇಲೆ, ಎಡಗೈಯಲ್ಲಿ ಗುಂಡಿ ಒತ್ತಿಕೊಂಡು ಮುಂದಿನ ಕುಂಟೆಯನ್ನು ಎಳೆಯಲು ನಾನು ಆಚೆ ತಿರುಗಿದ್ದೆ. ಸೀಳು ಒಟ್ಟಲು ಬಂದಿದ್ದ ಹೆಂಗಸು, ಯಂತ್ರದ ಮೇಲಿನ ಕುಂಟೆ ವಾರೆಯಾಗಿರುವುದನ್ನು ಕಂಡು ಸರಿಪಡಿಸಲು ಕೈಹಾಕಿದರು. ಕೂಗು ಕೇಳಿ ಗುಂಡಿ ಬಿಟ್ಟೆ. ಅಷ್ಟರಲ್ಲಿ ಬಲಗೈಯ ಉಂಗುರ ಬೆರಳಿನ ತುದಿ ಕೊಂತದ ಹಲಗೆಗೂ ಕುಂಟೆಗೂ ನಡುವೆ ಸಿಕ್ಕಿಹೋಗಿತ್ತು. ಮೇಲಿನ ಗೆಣ್ಣು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಅವರು ಹೇಳಿದ ಮಾತು ಇದು: “ನಂದೇ ತಪ್ಪು ಮಾಸ್ತರೇ, ನಾನು ಕೈ ಹಾಕಬಾರದಿತ್ತು.” ಅಡಿಕೆ ಸುಲಿಯುವುದರಲ್ಲಿ ಅವರದು ಊರಿಗೇ ಎತ್ತಿದ ಕೈ. ಸುಲಿದಷ್ಟಕ್ಕೆ ಕೂಲಿ. ಆ ವರ್ಷದ ಸುಗ್ಗಿಯಲ್ಲಿ ಅವರು ಮೆಟ್ಟುಗತ್ತಿಯ ಮುಂದೆ ಕೂರಲಾಗಲಿಲ್ಲ. ಚಿಕಿತ್ಸೆಯ ವೆಚ್ಚವನ್ನೂ ಸುಗ್ಗಿಯ ಕೂಲಿಯನ್ನೂ ನಾನು ಕೊಟ್ಟೆ. ಕೊಟ್ಟದ್ದನ್ನು ಇಲ್ಲಿ ಹೇಳುತ್ತಿರುವುದು ಹೊಗಳಿಕೆಗಲ್ಲ. ಹಣದಿಂದ ತೀರುವಂಥದಲ್ಲವೆಂದು ತಿಳಿಸುವುದಕ್ಕೆ. ಮೂವತ್ತನಾಲ್ಕು ವರ್ಷ ಪ್ರಯೋಗಶಾಲೆಯಲ್ಲಿ “ಮುಟ್ಟಬೇಡಿ, ದೂರ ನಿಲ್ಲಿ” ಎಂದು ನಿಮ್ಮನ್ನೆಲ್ಲ ಗದರಿಸಿದವನು ನಾನೇ. ಹಗ್ಗ ಕಟ್ಟಿದವನೂ ನಾನೇ.

ಪಂಚತಂತ್ರದ ಕೀಲು ಕಿತ್ತ ಕೋತಿಯ ಕಥೆ ನಿಮಗೆಲ್ಲ ಗೊತ್ತು. ಬಡಗಿಗಳು ತೊಲೆಯನ್ನು ಅರ್ಧ ಸೀಳಿ, ಸೀಳಿನಲ್ಲಿ ಬೆಣೆ ಸಿಕ್ಕಿಸಿ ಊಟಕ್ಕೆ ಹೋದರು. ಕೋತಿ ಬಂದು ಬೆಣೆಯನ್ನು ಕಿತ್ತಿತು, ಸೀಳಿಗೆ ಸಿಕ್ಕಿ ಸತ್ತಿತು. ತನಗೆ ಸಂಬಂಧಿಸದ ಕೆಲಸಕ್ಕೆ ಕೈಹಾಕಬಾರದೆಂಬುದು ಅದರ ನೀತಿಯೆಂದು ನಾನೂ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಆ ಸಂಜೆಯ ಅನಂತರ ಕಥೆಯ ಇನ್ನೊಂದು ಮಗ್ಗುಲು ಕಾಣಿಸಿತು. ಕೋತಿಯ ತಪ್ಪನ್ನು ಎಲ್ಲರೂ ಎಣಿಸುತ್ತಾರೆ. ಕೋತಿಗಳು ಓಡಾಡುವ ಜಾಗದಲ್ಲಿ ಅರೆಸೀಳಿದ ತೊಲೆಯನ್ನು ಬಿಟ್ಟು ಹೋದ ಬಡಗಿಗಳನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಕಥೆಯಲ್ಲಂತೂ ಕೈಹಾಕಿದವರದು ಸಂಬಂಧವಿಲ್ಲದ ಕೆಲಸವೂ ಆಗಿರಲಿಲ್ಲ. ಕುಂಟೆ ವಾರೆಯಾದರೆ ನೆಟ್ಟಗೆ ಮಾಡಬೇಕೆನ್ನುವುದು ಒಳ್ಳೆಯ ಕೆಲಸಗಾರರ ಸ್ವಭಾವ.

ಆದುದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಎಷ್ಟು ಟನ್, ಎಷ್ಟು ಬೆಲೆ ಎಂಬವು ಎರಡನೆಯ, ಮೂರನೆಯ ಪ್ರಶ್ನೆಗಳು. ಮೊದಲನೆಯ ಪ್ರಶ್ನೆ: ಯಂತ್ರ ನಡೆಯುತ್ತಿರುವಾಗ ನಡೆಸುವವರ ಕೈಗಳು ಎಲ್ಲಿರುತ್ತವೆ? ಅದರ ಜೊತೆಗೇ ಇನ್ನೊಂದು: ನಡೆಸುವವರು ಯಾರು? ಕೊಳ್ಳುವವರು ನೀವು. ಆದರೆ ಅದರ ಮುಂದೆ ದಿನವಿಡೀ ನಿಲ್ಲುವವರು ಕೂಲಿಯವರೋ ಮನೆಯ ಹೆಂಗಸರೋ ಆಗಿರುತ್ತಾರೆ, ಮೈಮೇಲೆ ಸೆರಗೋ ಪಂಚೆಯೋ ಹೆಗಲ ಟುವಾಲೋ ಇರುತ್ತದೆ.

ಈ ದೃಷ್ಟಿಯಿಂದ ತಿರುಪಿನ ಯಂತ್ರವನ್ನು ಮನೆಗೆ ತರಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂಬದಿಯ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಬಟ್ಟೆಯ ಅಂಚು ಅದಕ್ಕೆ ತಗಲಿತೆಂದು ಮನಸ್ಸಿಗೆ ತಿಳಿದು ಕೈ ಹಿಂದಕ್ಕೆ ಬರಲು ಕಾಲು ಸೆಕೆಂಡು ಬೇಕೆಂದುಕೊಂಡರೂ ಅಷ್ಟರಲ್ಲಿ ಎರಡು ಸುತ್ತು ಮುಗಿದಿರುತ್ತದೆ. ಸಾಲದ್ದಕ್ಕೆ, ಸರಿಯಾದ ಆಸರೆಯಿಲ್ಲದಿದ್ದರೆ ಕುಂಟೆಯೇ ತಿರುಪಿನೊಂದಿಗೆ ಸುತ್ತಿ ಬಡಿಯುತ್ತದೆ. ಊರ ವರ್ಕ್‌ಶಾಪಿನಲ್ಲಿ ಮಾಡಿಸಿದ ಸಾದಾ ರೂಪದಲ್ಲಿ ಕುಂಟೆಯನ್ನು ಕೈಯಿಂದಲೇ ಹಿಡಿದು ಒತ್ತಬೇಕಾಗುತ್ತದೆ. ಅನುಭವಸ್ಥರು ನಡೆಸುತ್ತಾರೆಂಬ ಮಾತು ಬರುತ್ತದೆ. ಬೆಳಗಿನ ಹತ್ತು ಗಂಟೆಗೆ ಎಲ್ಲರೂ ಅನುಭವಸ್ಥರೇ. ಯಂತ್ರವನ್ನು ಆರಿಸಬೇಕಾದದ್ದು ಸಂಜೆ ನಾಲ್ಕರ ದಣಿದ ಕೈಗೆ.

ಎರಡೂ ಕೈ ಬೇಡುವ ಒತ್ತಡದ ಯಂತ್ರ ದುಬಾರಿಯೆಂಬುದನ್ನು ಒಪ್ಪುತ್ತೇನೆ. ಆದರೆ ಮನೆಯೊಂದರಲ್ಲಿ ಅದಕ್ಕೆ ಕೆಲಸವಿರುವುದು ವರ್ಷಕ್ಕೆ ಹತ್ತು ಹನ್ನೆರಡು ದಿನ. ನಾಲ್ಕು ಮನೆಯವರು ಸೇರಿ ಕೊಂಡರೆ ಭಾರ ಹಂಚಿಹೋಗುತ್ತದೆ. ಅಷ್ಟೂ ಬೇಡವೆನ್ನುವವರು ಮೊದಲು ಕಟ್ಟಿಗೆಯ ಅಗತ್ಯವನ್ನೇ ತಗ್ಗಿಸಬಹುದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ನಮ್ಮ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆ ಹಿರಿಯರಿಗೆ ನೆನಪಿದ್ದೀತು. ಸಣ್ಣಗೆ ಸೀಳಿ ಚೆನ್ನಾಗಿ ಒಣಗಿಸಿದ ಸೌದೆ, ಗಾಳಿ ಸರಿಯಾಗಿ ಆಡುವ ಒಲೆ ಇವೆರಡಿದ್ದರೆ ಕಟ್ಟಿಗೆ ಎಷ್ಟೋ ಉಳಿಯುತ್ತದೆ.

ಯಂತ್ರ ತಂದ ಮೇಲೆ ಪಾಲಿಸಬೇಕಾದ್ದು ಹೆಚ್ಚೇನಿಲ್ಲ. 2,200 ವಾಟಿನ ಮೋಟಾರು 230 ವೋಲ್ಟಿನಲ್ಲಿ ಹತ್ತು ಆಂಪಿಯರ್‌ಗಳಷ್ಟು ಎಳೆಯುತ್ತದೆ. ದೊಡ್ಡ ಪ್ಲಗ್ಗನ್ನೂ ದಪ್ಪ ತಂತಿಯನ್ನೂ ಬಳಸಿ. ಯಂತ್ರದ ಬಳಿ ಒಬ್ಬರೇ ಇರಲಿ. ಒಟ್ಟುವವರು ನಾಲ್ಕು ಮಾರು ಆಚೆ ನಿಲ್ಲಲಿ. ಕುಂಟೆ ವಾರೆಯಾದರೆ ಎರಡೂ ಕೈ ಬಿಟ್ಟು, ಕೊಂತ ಹಿಂದಕ್ಕೆ ಹೋಗಿ ನಿಂತ ಮೇಲೆ ಸರಿಪಡಿಸಿ. ಹದಿನೇಳು ಸೆಕೆಂಡು ಕಾಯಲು ಬೇಸರವಾದರೆ ಅಂದಿಗೆ ಕೆಲಸ ನಿಲ್ಲಿಸಿ.

ಅಂಗಡಿಗೆ ಹೋದಾಗ ಒಂದು ಪರೀಕ್ಷೆ ಮಾಡಿ. ಯಂತ್ರವನ್ನು ನಡೆಸಿ ತೋರಿಸಲು ಹೇಳಿ, ನಡುವೆ ಒಂದು ಕೈ ಬಿಡಲು ಹೇಳಿ. ಕೊಂತ ನಿಂತರೆ ಬೆಲೆಯ ಮಾತಾಡಿ. ನಿಲ್ಲದಿದ್ದರೆ, ಅಥವಾ “ಇದನ್ನು ಕಟ್ಟಿಕೊಂಡರೆ ಬೇಗ ಆಗ್ತದೆ” ಎಂದು ಯಾರಾದರೂ ಉಪಾಯ ಹೇಳಿಕೊಟ್ಟರೆ, ನಮಸ್ಕಾರ ಹೇಳಿ ಹೊರಟುಬನ್ನಿ.

ಆ ಹೆಂಗಸು ಮರುವರ್ಷದಿಂದ ಮತ್ತೆ ನಮ್ಮಲ್ಲಿಗೆ ಸುಲಿಯಲು ಬರುತ್ತಿದ್ದಾರೆ. ಮೊದಲಿನಷ್ಟು ಸಾಗುವುದಿಲ್ಲ. ತಪ್ಪು ತಮ್ಮದೆಂದೇ ಈಗಲೂ ಹೇಳುತ್ತಾರೆ, ಅಲ್ಲವೆಂದು ನಾನು ಈಗಲೂ ಹೇಳುತ್ತೇನೆ.