ಹಾಲಿನ ಟ್ಯಾಂಕರ್ ಎಷ್ಟು ಬೇಕು? ಸಂದರ್ಶನದ ಅಂದಾಜು ಮತ್ತು ಪರ ಊರಿನ ಅಂಕಿ

ಈ ಸಲದ್ದು ಅಭಿಪ್ರಾಯ ಸಂಚಿಕೆ. ವಿಜ್ಞಾನ ಇರುತ್ತೆ, ಒಂದಿಷ್ಟು ಗುಣಾಕಾರ ಭಾಗಾಕಾರ ಇರುತ್ತೆ, ಜೊತೆಗೆ ನಮ್ಮದೊಂದು ವಾದವೂ ಇರುತ್ತೆ. ಪೆನ್ನು, ಕಾಗದ ಹತ್ತಿರ ಇಟ್ಕೊಂಡರೆ ಒಳ್ಳೆಯದು.

ಮ್ಯಾನೇಜರ್ ಹುದ್ದೆಗಳ ಸಂದರ್ಶನದಲ್ಲಿ ಒಂದು ಜಾತಿಯ ಪ್ರಶ್ನೆ ಕೇಳ್ತಾರೆ. ಈ ಊರಲ್ಲಿ ದಿನಕ್ಕೆ ಎಷ್ಟು ಕಪ್ ಕಾಫಿ ಮಾರಾಟ ಆಗುತ್ತೆ? ಇಲ್ಲಿ ಎಷ್ಟು ಪೆಟ್ರೋಲ್ ಬಂಕ್ ಇವೆ? ಫೋನ್ ನೋಡುವ ಹಾಗಿಲ್ಲ. ಎದುರಿಗೆ ಇಬ್ಬರೋ ಮೂವರೋ ಕೂತಿರ್ತಾರೆ, ಕೈಯಲ್ಲಿರೋದು ಐದು ನಿಮಿಷ. ಲೆಕ್ಕದಲ್ಲಿ ಗಟ್ಟಿ ಇರೋರೂ ಇಲ್ಲಿ ಬೆವರ್ತಾರೆ.

ನ್ಯೂಜಿಲೆಂಡಿನಲ್ಲಿ ಕೆಲಸ ಹುಡುಕುವ ಕನ್ನಡಿಗರಿಗೆ ಈ ಬೆವರು ಇನ್ನೂ ಸ್ವಲ್ಪ ಜಾಸ್ತಿ. ಅಲ್ಲಿ ಹೊಸಬರು ಮತ್ತೆ ಮತ್ತೆ ಕೇಳುವ ಮಾತು 'ನ್ಯೂಜಿಲೆಂಡ್ ಅನುಭವ ಇದೆಯಾ?' ಅನ್ನೋದು. ಈ ಕೆಲಸ ಹೋದರೆ ಇನ್ನೊಂದು ಅಂತ ಸುಮ್ಮನಿರೋ ಹಾಗೂ ಇಲ್ಲ. ಓದು ಮುಗಿದ ಮೇಲೆ ಸಿಗುವ ವೀಸಾಕ್ಕೆ ಗಡುವು ಇರುತ್ತೆ. 2022ರ ಜುಲೈನಿಂದ ಇರುವ ಅಕ್ರೆಡಿಟೆಡ್ ಎಂಪ್ಲಾಯರ್ ವರ್ಕ್ ವೀಸಾಕ್ಕೆ ಮಾನ್ಯತೆ ಪಡೆದ ಕಂಪನಿಯೊಂದು ಮೊದಲು ಕೆಲಸ ಕೊಡಬೇಕು. ಹಾಗಾಗಿ ಐದು ನಿಮಿಷದ ಒಂದು ಅಂದಾಜಿನ ಮೇಲೆ ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲ ನಿಂತಿರಬಹುದು.

ನಮ್ಮ ವಾದ ಇಷ್ಟು. ಅಂದಾಜಿನ ಪ್ರಶ್ನೆ ಕೆಟ್ಟದ್ದಲ್ಲ. ಆದರೆ ಅದರೊಳಗೆ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಒಂದು, ಯೋಚನೆಯ ದಾರಿ. ಇನ್ನೊಂದು, ಆ ಊರಿನ ಅಂಕಿ. ದಾರಿಯನ್ನು ಅಳೆಯಬೇಕು, ಅಂಕಿಯನ್ನು ಕೊಡಬೇಕು. ಕೊಡದಿದ್ದರೆ ಸಂಕೋಚ ಬಿಟ್ಟು ಕೇಳಿ ತಗೋಬೇಕು.

ಮೊದಲು ಈ ಪ್ರಶ್ನೆಗಳ ಮೂಲ ನೋಡೋಣ. ಇವಕ್ಕೆ 'ಫರ್ಮಿ ಪ್ರಶ್ನೆ' ಅಂತ ಹೆಸರು, ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರಿಂದ ಬಂದದ್ದು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸಿಡಿಸಿದಾಗ ಫರ್ಮಿ ಸುಮಾರು 16 ಕಿಲೋಮೀಟರ್ ದೂರದಲ್ಲಿದ್ದರು. ಸ್ಫೋಟದ ಅಲೆ ಬರುವ ಹೊತ್ತಿಗೆ ಕೈಯಿಂದ ಕಾಗದದ ಚೂರುಗಳನ್ನು ಬಿಟ್ಟರು. ಅವು ಸುಮಾರು ಎರಡೂವರೆ ಮೀಟರ್ ಆಚೆ ಬಿದ್ದವು. ಅಷ್ಟರಿಂದಲೇ ಸ್ಫೋಟದ ಶಕ್ತಿ 10,000 ಟನ್ ಟಿಎನ್‌ಟಿ ಅಂತ ಅಂದಾಜು ಮಾಡಿದರು. ನಿಜದಲ್ಲಿ ಅದು 20,000 ಟನ್ನಿಗೂ ಸ್ವಲ್ಪ ಹೆಚ್ಚೇ. ಎರಡು ಪಟ್ಟಿನ ತಪ್ಪು. ಆದರೆ ನೂರು ಟನ್ನೋ ಹತ್ತು ಲಕ್ಷ ಟನ್ನೋ ಅನ್ನುವ ಕತ್ತಲೆಯಲ್ಲಿ ಎರಡು ಪಟ್ಟಿನೊಳಗೆ ಬರೋದು ದೊಡ್ಡ ಬೆಳಕು.

ಅಂದಾಜು ಅನ್ನೋದು ನಮಗೇನೂ ಪರದೇಶದ ವಿದ್ಯೆ ಅಲ್ಲ. ಮದುವೆ ಅಡುಗೆ ಮಾಡಿಸುವ ಭಟ್ಟರನ್ನು ನೋಡಿ. ಸಾವಿರ ಜನ ಅಂದ ತಕ್ಷಣ ಅಕ್ಕಿ ಇಷ್ಟು ಅಂತ ಹೇಳಿಬಿಡಲ್ಲ. 'ಭಾನುವಾರವಾ, ಕೆಲಸದ ದಿನವಾ? ಪುಳಿಯೋಗರೆ ಉಂಟಾ, ಬರೀ ಅನ್ನ ಸಾರಾ? ಊರೋರು ಎಷ್ಟು, ಬಸ್ಸಲ್ಲಿ ಬರೋರು ಎಷ್ಟು?' ಅಂತ ಕೇಳ್ತಾರೆ. ಭಟ್ಟರಿಗೆ ಕೆಲಸ ಬರಲ್ಲ, ಅದಕ್ಕೇ ಕೇಳ್ತಿದ್ದಾರೆ ಅಂತ ಯಾರೂ ಅನ್ನಲ್ಲ. ಕೇಳದೇ ಅಂಕಿ ಹೇಳಿದವರ ಮೇಲೇ ಅನುಮಾನ ಬರೋದು. ಸಂದರ್ಶನದ ಕೋಣೆಗೆ ಹೋದಾಗ ಮಾತ್ರ ನಾವು ಇದನ್ನು ಮರೆತು, ಕೇಳಿದರೆ ದಡ್ಡತನ ಅಂದ್ಕೋತೀವಿ.

ಈಗ ನ್ಯೂಜಿಲೆಂಡಿನದ್ದೇ ಒಂದು ಪ್ರಶ್ನೆ ಮಾಡೋಣ. ಹಾಲಿನ ಉದ್ಯಮದಲ್ಲಿ ಸಾಗಾಣಿಕೆ ಮ್ಯಾನೇಜರ್ ಕೆಲಸ ಅಂತ ಇಟ್ಕೊಳ್ಳಿ. ಪ್ರಶ್ನೆ: ಇಡೀ ದೇಶದ ಹಾಲು ಹೊರೋಕೆ ಎಷ್ಟು ಟ್ಯಾಂಕರ್ ಬೇಕು?

ಮೊದಲ ಮೆಟ್ಟಿಲು, ಹಸುಗಳು. ದೇಶದ ಜನಸಂಖ್ಯೆ 50 ಲಕ್ಷ ದಾಟಿದೆ ಅನ್ನೋದು ಗೊತ್ತು, ಹಸು ಎಷ್ಟು ಗೊತ್ತಿಲ್ಲ. ಹಾಗಾದರೆ ಎರಡು ಮಿತಿ ಹಾಕಿ. ಹಾಲು ರಫ್ತು ಮಾಡುವ ದೇಶ, 10 ಲಕ್ಷಕ್ಕಿಂತ ಕಡಿಮೆ ಇರಲಾರದು. ತಲೆಗೆ ನಾಲ್ಕು ಹಸು ಅಂದರೆ 2 ಕೋಟಿ, ಅದಕ್ಕಿಂತ ಹೆಚ್ಚಿರಲಾರದು. ಇವೆರಡನ್ನು ಕೂಡಿಸಿ ಅರ್ಧ ಮಾಡಬೇಡಿ, 1 ಕೋಟಿ ಮೀರಿಬಿಡುತ್ತೆ, ದೊಡ್ಡ ಮಿತಿಯೇ ಎಲ್ಲವನ್ನೂ ಎಳ್ಕೊಂಡು ಹೋಗುತ್ತೆ. ಗುಣಿಸಿ ವರ್ಗಮೂಲ ತಗೊಳ್ಳಿ. ಇದು ಗುಣೋತ್ತರ ಸರಾಸರಿ. ಬರೋದು ಸುಮಾರು 45 ಲಕ್ಷ. 2022-23ರ ಹಂಗಾಮಿನಲ್ಲಿ ಇದ್ದ ಹಾಲಿನ ಹಸುಗಳು ಸುಮಾರು 47 ಲಕ್ಷ. ಇಷ್ಟು ಹತ್ತಿರ ಬಂದದ್ದು ಅದೃಷ್ಟ. ಆದರೆ ಅಂಕಿಯ ಗಾತ್ರ ಸರಿಯಾಗಿ ಬಂದದ್ದು ಅದೃಷ್ಟ ಅಲ್ಲ, ವಿಧಾನ.

ಎರಡನೇ ಮೆಟ್ಟಿಲು, ಒಂದು ಹಸುವಿನ ಹಾಲು. ಅಲ್ಲಿಯ ಹಸು ವರ್ಷಕ್ಕೆ ಸುಮಾರು 4,400 ಲೀಟರ್ ಕೊಡುತ್ತೆ. 47 ಲಕ್ಷದಿಂದ ಗುಣಿಸಿದರೆ 2,068 ಕೋಟಿ ಲೀಟರ್. ಮೂರನೇ ಮೆಟ್ಟಿಲು, 365ರಿಂದ ಭಾಗಿಸಿ. ದಿನಕ್ಕೆ 5.7 ಕೋಟಿ ಲೀಟರ್. ಹೋಲಿಕೆಗೆ ಹೇಳೋದಾದರೆ, ನಮ್ಮ ಕರ್ನಾಟಕ ಹಾಲು ಮಹಾಮಂಡಳದ ದಿನದ ಸಂಗ್ರಹ 1 ಕೋಟಿ ಲೀಟರ್ ದಾಟಿದ್ದು 2024ರಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ. 365ರಿಂದ ಭಾಗಿಸಿದ್ದು ಸರಿನಾ?

ನಮ್ಮೂರಲ್ಲಿ ಹಸು ಕರು ಹಾಕೋದು ವರ್ಷಪೂರ್ತಿ ನಡೀತಿರುತ್ತೆ. ಡೈರಿಗೆ ದಿನಾ ಎರಡು ಹೊತ್ತು ಹಾಲು ಬರುತ್ತೆ, ಹೆಚ್ಚು ಕಡಿಮೆ ಆದರೂ ನಿಲ್ಲಲ್ಲ. ನ್ಯೂಜಿಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಹಸುಗಳು ಮುಖ್ಯವಾಗಿ ಬಯಲಿನ ಹುಲ್ಲು ಮೇಯ್ದೇ ಹಾಲು ಕೊಡಬೇಕು. ಅದಕ್ಕೇ ಬಹುಪಾಲು ಮಂದೆಗಳು ಚಳಿಗಾಲದ ಕೊನೆಗೆ, ಜುಲೈ-ಆಗಸ್ಟ್ ಹೊತ್ತಿಗೆ, ಒಟ್ಟಿಗೇ ಕರು ಹಾಕುವಂತೆ ನೋಡ್ಕೊಳ್ತಾರೆ. ವಸಂತದಲ್ಲಿ ಹುಲ್ಲು ಏರಿದಂತೆ ಹಾಲೂ ಏರಿ ಅಕ್ಟೋಬರ್ ಆಸುಪಾಸಿನಲ್ಲಿ ತುದಿ ಮುಟ್ಟುತ್ತೆ. ಜೂನ್ ಬಂತು ಅಂದರೆ ಬಹುತೇಕ ಹಸುಗಳ ಕೆಚ್ಚಲು ಬತ್ತಿರುತ್ತೆ. ಅಂದರೆ ವರ್ಷದ ಹಾಲು ಹತ್ತು ತಿಂಗಳೊಳಗೆ ಬರಬೇಕು, ತುದಿಯ ದಿನ ಇನ್ನೂ ಜಾಸ್ತಿ. 8 ಕೋಟಿ ಲೀಟರ್ ಅಂತ ಹಿಡಿಯೋಣ.

ಟ್ರೇಲರ್ ಸಮೇತ ಒಂದು ಟ್ಯಾಂಕರ್ ಸುಮಾರು 28,000 ಲೀಟರ್ ಹೊರುತ್ತೆ. 8 ಕೋಟಿಗೆ ಸುಮಾರು 2,860 ಲೋಡು. ತುಂಬಿಸಿ, ಸುರಿದು, ತೊಳೆದು, ತಿರುಗಿ ಬರೋಕೆ ನಾಲ್ಕು ಗಂಟೆ ಅಂತಿಟ್ಟರೆ, ಹಗಲು ರಾತ್ರಿ ಓಡುವ ಗಾಡಿ ದಿನಕ್ಕೆ ಐದು ಸುತ್ತು ಹೊಡೆಯುತ್ತೆ. ಉತ್ತರ ಸುಮಾರು 570 ಟ್ಯಾಂಕರ್. ಈಗ ತಾಳೆ ನೋಡಿ. ದೇಶದ ಸುಮಾರು ಶೇಕಡಾ 80ರಷ್ಟು ಹಾಲು ತಗೊಳ್ಳುವ ಫಾಂಟೆರಾ ಸಹಕಾರಿ ಸಂಸ್ಥೆಯ ಬಳಿ ಇರೋದು ಸುಮಾರು 500 ಟ್ಯಾಂಕರ್. ಪೂರ್ತಿ ದೇಶಕ್ಕೆ ಲೆಕ್ಕ ಹಾಕಿದರೆ 600ರ ಆಸುಪಾಸು. ಚೆನ್ನಾಗಿಯೇ ಕೂಡಿಬಂತು.

365ರಿಂದ ಭಾಗಿಸಿದ ಲೆಕ್ಕದಲ್ಲೇ ಮುಂದೆ ಹೋಗಿದ್ದರೆ? 410 ಟ್ಯಾಂಕರ್. ಕಾಗದದ ಮೇಲೆ ಅದೂ ತಪ್ಪೇನಲ್ಲ, ಎರಡು ಪಟ್ಟಿನೊಳಗೇ ಇದೆ. ಆದರೆ ಅಕ್ಟೋಬರಿನಲ್ಲಿ 160 ಗಾಡಿ ಕಡಿಮೆ ಬಿದ್ದು ರೈತರ ಹಾಲು ಮೋರಿಗೆ ಹೋಗುತ್ತೆ. ಈ ಪ್ರಶ್ನೆಯ ಜೀವ ಇರೋದು ಗುಣಾಕಾರದಲ್ಲಿ ಅಲ್ಲ. 'ಇಲ್ಲಿ ವರ್ಷಪೂರ್ತಿ ಹಾಲು ಒಂದೇ ಸಮ ಬರುತ್ತಾ?' ಅನ್ನುವ ಒಂದು ಪ್ರಶ್ನೆಯಲ್ಲಿ. 28,000 ಅನ್ನೋ ಅಂಕಿ ಬಾಯಿಗೆ ಬರದಿದ್ದರೂ ಈ ಪ್ರಶ್ನೆ ಕೇಳಿದವರು ಮ್ಯಾನೇಜರ್ ಆಗೋಕೆ ಲಾಯಕ್ಕು. ವೈಕಾಟೊದಲ್ಲಿ ಹುಟ್ಟಿದ ಅಭ್ಯರ್ಥಿಗೆ ಈ ಸಂಗತಿ ಚಿಕ್ಕಂದಿನಿಂದ ಗೊತ್ತು. ಮಂಡ್ಯದಿಂದ ಹೋದವರು ಕೇಳಿ ತಿಳ್ಕೊಂಡರೆ ಅವರದ್ದು ಹೆಚ್ಚುಗಾರಿಕೆ, ಕೊರತೆ ಅಲ್ಲ.

ಇಲ್ಲೊಂದು ಗಣಿತದ ಗುಟ್ಟಿದೆ. ಐದು ಊಹೆಗಳ ಸರಪಳಿಯಲ್ಲಿ ಪ್ರತಿಯೊಂದೂ ಒಂದೂವರೆ ಪಟ್ಟು ತಪ್ಪಬಹುದು ಅಂತಿಟ್ಟುಕೊಳ್ಳಿ. ಐದೂ ಒಂದೇ ದಿಕ್ಕಿಗೆ ತಪ್ಪಿದರೆ ಉತ್ತರ ಏಳೂವರೆ ಪಟ್ಟು ಆಚೆ ಹೋಗುತ್ತೆ. ಆದರೆ ಊಹೆಗಳು ಒಂದರ ಮೇಲೊಂದು ಆತುಕೊಂಡಿಲ್ಲದಿದ್ದರೆ ಕೆಲವು ಮೇಲೆ, ಕೆಲವು ಕೆಳಗೆ ತಪ್ಪಿ ಒಂದನ್ನೊಂದು ತಿಂದುಹಾಕುತ್ತವೆ. ಆಗ ಒಟ್ಟು ತಪ್ಪು ಸಾಮಾನ್ಯವಾಗಿ ಎರಡೂವರೆ ಪಟ್ಟಿನ ಅಳತೆಯಲ್ಲಿರುತ್ತೆ. ಫರ್ಮಿ ವಿಧಾನ ಕೆಲಸ ಮಾಡೋದು ಇದೇ ಕಾರಣಕ್ಕೆ. ಹೊಸ ದೇಶಕ್ಕೆ ಹೋದವರಿಗೆ ಅಪಾಯ ಇರೋದೂ ಇಲ್ಲೇ. ಹಸು, ಹಾಲು, ರಸ್ತೆ, ಗಾಡಿ ಎಲ್ಲವನ್ನೂ ನಮ್ಮೂರಿನ ಅಳತೆಯಲ್ಲೇ ಊಹಿಸಿದರೆ ಎಲ್ಲ ತಪ್ಪೂ ಒಂದೇ ದಿಕ್ಕಿಗೆ ವಾಲಬಹುದು. ಯೋಚನೆ ಸರಿಯೇ ಇದ್ದರೂ ಉತ್ತರ ದೂರ ಹೋಗುತ್ತೆ. ಹಾಗಾಗಿ ಬರೀ ಅಂತಿಮ ಅಂಕಿ ನೋಡಿ ಮಾರ್ಕು ಹಾಕುವವರು, ತಮಗೆ ಗೊತ್ತಿಲ್ಲದೆ, ಹುಟ್ಟಿದ ಊರಿಗೆ ಮಾರ್ಕು ಹಾಕ್ತಿರ್ತಾರೆ.

'ಅಂಕಿ ಧೈರ್ಯವಾಗಿ ಹೇಳಿಬಿಡಿ' ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಅದು ನಮಗೆ ಒಪ್ಪಿಗೆ ಇಲ್ಲ. ಧೈರ್ಯದ ಅಂಕಿ ಏನು ಮಾಡುತ್ತೆ ಅನ್ನೋದಕ್ಕೆ ಅದೇ ದೇಶದಲ್ಲಿ ಒಂದು ನಿದರ್ಶನ ಇದೆ. ಪಾಸಮ್ ಅನ್ನೋ ಪ್ರಾಣಿಯನ್ನು 19ನೇ ಶತಮಾನದಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಆಸ್ಟ್ರೇಲಿಯಾದಿಂದ ತಂದು ನ್ಯೂಜಿಲೆಂಡಿನ ಕಾಡಿಗೆ ಬಿಟ್ಟರು. ಅದು ಕಾಡಿನ ಚಿಗುರು ತಿನ್ನುತ್ತೆ, ಹಕ್ಕಿಗಳ ಮೊಟ್ಟೆ ತಿನ್ನುತ್ತೆ, ದನಗಳಿಗೆ ಕ್ಷಯ ಹರಡುತ್ತೆ. ದೇಶದಲ್ಲಿ 7 ಕೋಟಿ ಪಾಸಮ್ ಇವೆ ಅಂತ 1980ರ ದಶಕದಲ್ಲಿ ಒಂದು ಅಂದಾಜು ಹುಟ್ಟಿತು. ದೇಶದ ವಿಸ್ತೀರ್ಣ ಸುಮಾರು 2.68 ಕೋಟಿ ಹೆಕ್ಟೇರ್. ಭಾಗಿಸಿದರೆ ಹೆಕ್ಟೇರಿಗೆ ಎರಡೂವರೆ ಪಾಸಮ್, ಹಿಮದ ಬೆಟ್ಟ, ಊರು, ಕೆರೆ ಎಲ್ಲವನ್ನೂ ಸೇರಿಸಿ. ಐದು ನಿಮಿಷದ ತಾಳೆಗೇ ಅನುಮಾನ ಬರುತ್ತೆ. ಆದರೂ 7 ಕೋಟಿ ಅನ್ನೋದು ವರ್ಷಗಟ್ಟಲೆ ಎಲ್ಲರ ಬಾಯಲ್ಲಿ ಓಡಾಡಿತು. 2009ರಲ್ಲಿ ಲ್ಯಾಂಡ್‌ಕೇರ್ ರಿಸರ್ಚ್ ಸಂಸ್ಥೆಯ ವಿಜ್ಞಾನಿಗಳು ನೆಲವನ್ನು ಕಾಡು, ಪೊದೆ, ಹುಲ್ಲುಗಾವಲು ಅಂತ ವಿಂಗಡಿಸಿ, ಒಂದೊಂದಕ್ಕೂ ಬೇರೆ ಸಾಂದ್ರತೆ ಹಾಕಿ, ನಿಯಂತ್ರಣ ನಡೆದ ಜಾಗಗಳಿಗೆ ಕಡಿತ ಮಾಡಿ ಲೆಕ್ಕ ಹಾಕಿದರು. ಬಂದದ್ದು ಸುಮಾರು 3 ಕೋಟಿ. ನಿಯಂತ್ರಣವೇ ಇಲ್ಲದಿದ್ದರೆ 4.8 ಕೋಟಿ.

ಇದೂ ಅಂದಾಜೇ, ಅದೂ ಅಂದಾಜೇ. ವ್ಯತ್ಯಾಸ ಏನು ಅಂದರೆ, ಎರಡನೆಯದು ತನ್ನ ಊಹೆಗಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬಂತು. ಬೇರೆಯವರು ಅದನ್ನು ಬಿಚ್ಚಿ ತಿದ್ದಬಹುದು. ಊಹೆ ಉದುರಿಹೋಗಿ ಬರೀ ಅಂಕಿ ಉಳಿದರೆ ಅದು ಸತ್ಯದ ವೇಷ ಹಾಕ್ಕೊಂಡು ಬಜೆಟ್ಟಿನೊಳಗೆ ಕೂತ್ಕೊಳ್ಳುತ್ತೆ. ಕಂಪನಿಗಳಿಗೆ ಬೇಕಾಗಿರೋದು ಊಹೆ ತೋರಿಸುವ ಮ್ಯಾನೇಜರ್.

ಇಂಥ ಪ್ರಶ್ನೆಗಳನ್ನೇ ಕಿತ್ತುಹಾಕಿ ಅನ್ನೋರೂ ಇದ್ದಾರೆ, ಅವರ ಮಾತಿನಲ್ಲಿ ತೂಕ ಇದೆ. ಗೂಗಲ್‌ನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ್ದು ಇದನ್ನೇ: ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತೆ ಅನ್ನುವಂಥ ಪ್ರಶ್ನೆಯಿಂದ ಯಾರು ಚೆನ್ನಾಗಿ ಕೆಲಸ ಮಾಡ್ತಾರೆ ಅನ್ನೋದು ತಿಳಿಯಲ್ಲ, ಕೇಳುವವರಿಗೆ ತಾವು ಜಾಣರು ಅನ್ನಿಸುತ್ತೆ ಅಷ್ಟೇ. ನಿಜ. ಆದರೆ ಗಾಲ್ಫ್ ಚೆಂಡಿಗೂ ಹಾಲಿನ ಟ್ಯಾಂಕರಿಗೂ ಅಂತರ ಇದೆ. ಒಂದು ಒಗಟು, ಇನ್ನೊಂದು ಆ ಹುದ್ದೆಯವರು ಸೋಮವಾರ ಬೆಳಿಗ್ಗೆ ಮಾಡಬೇಕಾದ ಕೆಲಸ. ಒಗಟು ಹೋಗಲಿ, ಕೆಲಸ ಉಳಿಯಲಿ.

ಹಾಗಾಗಿ ಉತ್ತರ ಹೇಳುವ ಕುರ್ಚಿಯಲ್ಲಿ ಕೂತವರಿಗೆ ನಾವು ಹೇಳೋದು ಇಷ್ಟು. ತಕ್ಷಣ ಅಂಕಿ ಹೇಳಬೇಡಿ. ಪ್ರಶ್ನೆಯ ಗಡಿ ಕೇಳಿ: ಸರಾಸರಿ ದಿನಕ್ಕಾ, ಅತಿ ಹೆಚ್ಚಿನ ದಿನಕ್ಕಾ? ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೀರಿ, ಎದುರಿನವರಿಗೆ ಕಾಣಲಿ. ಗೊತ್ತಿಲ್ಲದ ಕಡೆ 'ಈ ಅಂಕಿ ನನ್ನ ಬಳಿ ಇಲ್ಲ, ನಿಮ್ಮಲ್ಲಿದ್ದರೆ ಕೊಡಿ, ಇಲ್ಲಾಂದ್ರೆ ಎರಡು ಮಿತಿ ಹಾಕಿ ಮುಂದುವರಿತೀನಿ' ಅನ್ನಿ. ಕೊನೆಗೆ ಉತ್ತರದ ಜೊತೆ ಯಾವ ಊಹೆ ಎಲ್ಲಕ್ಕಿಂತ ದುರ್ಬಲ, ಅದು ಬದಲಾದರೆ ಉತ್ತರ ಎಷ್ಟು ಬದಲಾಗುತ್ತೆ ಅನ್ನೋದನ್ನೂ ಹೇಳಿ. ಹೋಗುವ ಮುಂಚೆ ಆ ದೇಶದ ಹತ್ತು ಅಂಕಿ ಕಲಿತಿರಿ: ಜನಸಂಖ್ಯೆ, ಆಕ್ಲೆಂಡಿನ ಸುಮಾರು 17 ಲಕ್ಷ ಜನ, ಮನೆಯೊಂದರಲ್ಲಿ ಎಷ್ಟು ಮಂದಿ, ಆ ಉದ್ಯಮದ ಒಂದೆರಡು ಅಳತೆ. ಬಾಯಿಪಾಠಕ್ಕಲ್ಲ, ತಾಳೆ ನೋಡೋಕೆ.

ಪ್ರಶ್ನೆ ಕೇಳುವ ಕುರ್ಚಿಯಲ್ಲೂ ಈಗ ನಮ್ಮವರು ಇದ್ದಾರೆ. ಅವರಿಗೆ ಒಂದು ವಿನಂತಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಆ ಹುದ್ದೆಗೆ ಸಂಬಂಧಪಟ್ಟದ್ದನ್ನೇ ಕೇಳಿ. ಊರಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಯಾವುದಕ್ಕೆ ಎಷ್ಟು ಮಾರ್ಕು ಅನ್ನೋದನ್ನು ಅಭ್ಯರ್ಥಿ ಒಳಗೆ ಬರುವ ಮುಂಚೆಯೇ ತೀರ್ಮಾನಿಸಿ. ಹೀಗೆ ಕಟ್ಟುನಿಟ್ಟಾಗಿ ಮಾಡಿದ ಸಂದರ್ಶನ, ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಸೂಚಿಸುತ್ತೆ ಅನ್ನೋದನ್ನು ದಶಕಗಳ ಸಂಶೋಧನೆ ತೋರಿಸಿದೆ. ಹಾಳೆಯೊಂದರ ಖರ್ಚು, ಅಷ್ಟೇ.

ಮುಂದಿನ ವಾರ ಬರುವಾಗ ನಿಮ್ಮೂರಿನದ್ದೇ ಒಂದು ಅಂದಾಜು ಮಾಡಿ ಕಳಿಸಿ. ಅಂಕಿ ಒಂದನ್ನೇ ಕಳಿಸಿದರೆ ಓದಲ್ಲ, ಊಹೆಗಳ ಸಮೇತ ಕಳಿಸಿ.