ಮನೆತನದ ಕಾಯಿಲೆ ಎಂಬ ಹಣೆಪಟ್ಟಿ: ಒಂದು ಮನವಿ

ಗೆ,
ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು.

ವಿಷಯ: ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ ಇರುವವರ ಕುಟುಂಬಗಳಿಗೆ ಆನುವಂಶಿಕ ಸಲಹೆ ಒದಗಿಸುವ ಕುರಿತು.

ಮಾನ್ಯರೇ,

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕಾಫಿ ಮುಗಿಸಿ ನಗುನಗುತ್ತಲೇ ಹೋಗುತ್ತಾರೆ. ಮರುದಿನ ಫೋನು: "ಹುಡುಗಿಯ ದೊಡ್ಡಪ್ಪನಿಗೆ ತಲೆ ಸರಿಯಿರಲಿಲ್ಲವಂತಲ್ಲ?" ಜಾತಕ ಕೂಡಿದ್ದರೂ ಮಾತು ಅಲ್ಲಿಗೆ ಮುರಿಯುತ್ತದೆ. ಅರ್ಜಿದಾರ ಕುಟುಂಬಗಳಿಗೆ ಇದು ಹೊಸತಲ್ಲ.

ಕಾಯಿಲೆ ವಂಶದಲ್ಲಿ ಬರುವುದೇ ಇಲ್ಲ ಎಂದು ಅವರು ವಾದಿಸುತ್ತಿಲ್ಲ. ಬರುತ್ತದೆ. ಪ್ರಶ್ನೆಯಿರುವುದು ಎಷ್ಟು ಎಂಬುದರಲ್ಲಿ. ಸ್ಕಿಜೋಫ್ರೇನಿಯಾ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಾಯಿಗೋ ತಂದೆಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು. ಉಳಿದ ತೊಂಬತ್ತು ಮಂದಿಯ ಲೆಕ್ಕ ಯಾರೂ ಹೇಳುವುದಿಲ್ಲ. ದೊಡ್ಡಪ್ಪನ ಕಡೆಯಿಂದ ಬರುವ ಅಪಾಯವಂತೂ ಇನ್ನೂ ಕಡಿಮೆ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ ಮಾತ್ರ.

ಇಂಥದ್ದೊಂದೇ ಜೀನ್ ಕಾರಣ ಎನ್ನುವಂತೆಯೂ ಇಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ 76,755 ರೋಗಿಗಳ ಡಿಎನ್‌ಎ ಪರಿಶೀಲಿಸಿ ಸ್ಕಿಜೋಫ್ರೇನಿಯಾದೊಂದಿಗೆ ನಂಟಿರುವ 287 ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲೂ ಚಿಟಿಕೆಯಷ್ಟು. ಇಂಥ ಎಷ್ಟೋ ವ್ಯತ್ಯಾಸಗಳು ಬೈಪೋಲಾರ್‌ಗೂ ಸಮಾನ. ಒಂದೇ ಮನೆಯಲ್ಲಿ ಅಕ್ಕನಿಗೆ ಒಂದು ಕಾಯಿಲೆ, ತಮ್ಮನಿಗೆ ಇನ್ನೊಂದು ಕಾಣಿಸುವುದುಂಟು. ಆ ಅಧ್ಯಯನದ ಮುಕ್ಕಾಲು ಪಾಲು ಜನ ಯುರೋಪ್ ಮೂಲದವರು. ಹೀಗಿರುವಾಗ ಎಂಜಲು ಪರೀಕ್ಷಿಸಿ ಇಲ್ಲಿನ ಮಗುವಿನ ಮುಂದಿನ ಮನಸ್ಸು ಹೇಳುತ್ತೇವೆ ಎನ್ನುವವರಿಗೂ ಗಿಣಿಶಾಸ್ತ್ರದವರಿಗೂ ಹೆಚ್ಚು ಅಂತರವಿಲ್ಲ.

ಮದುವೆಗಷ್ಟೇ ಅಲ್ಲ, ನೌಕರಿಗೂ ಈ ಹಣೆಪಟ್ಟಿ ಅಡ್ಡಬಂದದ್ದುಂಟು. ಹಾಂಗ್‌ಕಾಂಗ್‌ನಲ್ಲಿ ಹೆತ್ತವರಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ಮೂವರು ಯುವಕರಿಗೆ ಅಗ್ನಿಶಾಮಕ, ಕಸ್ಟಮ್ಸ್ ಇಲಾಖೆಗಳಲ್ಲಿ ಕೆಲಸ ತಪ್ಪಿಸಲಾಯಿತು. 2000ದಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು ಪರಿಹಾರ ಕೊಡಿಸಿತು. ಆರೋಗ್ಯ ವಿಮೆಯಲ್ಲಿ ಆನುವಂಶಿಕತೆಯ ನೆಪದ ತಾರತಮ್ಯ ಸಲ್ಲದೆಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 21(4)ನೇ ಕಲಂ ಮನೋರೋಗಕ್ಕೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕೆನ್ನುತ್ತದೆ.

ಆದ್ದರಿಂದ ಪ್ರತಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆನುವಂಶಿಕ ಅಪಾಯದ ಈ ಅಂಕಿಗಳನ್ನು ಕನ್ನಡದಲ್ಲಿ, ಕೂರಿಸಿಕೊಂಡು, ಗಡಿಬಿಡಿಯಿಲ್ಲದೆ ವಿವರಿಸುವ ತರಬೇತಿ ಪಡೆದ ಒಬ್ಬ ಸಲಹೆಗಾರರಾದರೂ ಇರಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಸಲಹಾ ಸೇವೆಯನ್ನೂ ಅಲ್ಲಿಂದಲೇ ಆರಂಭಿಸಬಹುದು. ಬಂಧುಗಳ ಮನೋರೋಗದ ವಿವರ ಕೇಳಿ ಯಾರಿಗೂ ನೌಕರಿ ನಿರಾಕರಿಸದಂತೆ ಸರ್ಕಾರಕ್ಕೆ ಶಿಫಾರಸು ಹೋಗಬೇಕು. ಆನುವಂಶಿಕ ಸಂಶೋಧನೆಗೆ ರಕ್ತ ಕೊಟ್ಟವರ ಗುರುತು ಹೊರಬೀಳಬಾರದು.

ಕೈಗೊಂಡ ಕ್ರಮವನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರಿಕೆ.

ಇಂತಿ,
ಅರ್ಜಿದಾರ ಕುಟುಂಬಗಳು