ಸರ್ವರ್ ಸತ್ತಿಲ್ಲ ಸ್ವಾಮಿ, ಬೀಗ ಬದಲಾಗಿದೆ!

"ಸರ್ವರ್ ಇಲ್ಲ, ನಾಳೆ ಬನ್ನಿ."

ಈ ನಾಲ್ಕು ಪದ ಕಿವಿಗೆ ಬೀಳದವರು ಸುಂಟಿಕೊಪ್ಪ ಹೋಬಳಿಯಲ್ಲಿ ಯಾರಾದರೂ ಇದ್ದರೆ ಅಂಥವರನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಹಾರ ಹಾಕಬೇಕು. ಪಹಣಿ ಕೇಳಲು ಹೋದರೂ ಇದೇ ಮಾತು, ಮಕ್ಕಳ ಜಾತಿ-ಆದಾಯ ಪತ್ರಕ್ಕೆ ಹೋದರೂ ಇದೇ ಮಾತು, ಅಕ್ಕಿ ತರಲು ಹೋಗಿ ಬೆರಳು ಒತ್ತಿದರೂ ಇದೇ ಮಾತು. ಹಿಂದೆ "ಸಾಹೇಬರು ಇಲ್ಲ, ನಾಳೆ ಬನ್ನಿ" ಅನ್ನುತ್ತಿದ್ದರು. ಈಗ ಸಾಹೇಬರು ಇದ್ದಾರೆ, ಕುರ್ಚಿಯಲ್ಲೇ ಕೂತಿದ್ದಾರೆ. ರಜೆ ಹಾಕಿರುವುದು ಸರ್ವರ್. ನಮ್ಮ ಪಾಲಿಗೆ ಬಂದದ್ದು ಮಾತ್ರ ಅದೇ ಹಳೇ "ನಾಳೆ".

ಈ ನಾಳೆಗೆ ಬೆಲೆ ಇಲ್ಲವೇ? ತೋಟದ ಕೆಲಸಗಾರರಿಗೆ ಒಂದು ದಿನದ ಕೂಲಿ ಹೋಯಿತು. ಅಂಗಡಿಯವರಿಗೆ ಅರ್ಧ ದಿನದ ವ್ಯಾಪಾರ ಹೋಯಿತು. ಮಾದಾಪುರ, ಹಟ್ಟಿಹೊಳೆ ಕಡೆಯಿಂದ ಮಳೆಯಲ್ಲಿ ಕೊಡೆ ಹಿಡಿದು ಬಂದವರು ಬಸ್ಸಿಗೆ ಕಾದದ್ದೇ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಕಾಸು ಉಳಿಯಿತು ಅನ್ನಿ, ಕಳೆದುಹೋದ ಕೂಲಿಯನ್ನು ಯಾವ ಕಂಡಕ್ಟರ್ ಕೊಡುತ್ತಾರೆ? ಕಾಲೇಜಿನ ಅರ್ಜಿಗೆ ಕೊನೇ ದಿನಾಂಕ ಅಂತ ಒಂದಿರುತ್ತದೆ. ಅದು ಸರ್ವರಿಗಾಗಿ ಕಾಯುವುದಿಲ್ಲ.

ಒಂದೇ ಮಾತು, ನಾಲ್ಕು ಕಾಯಿಲೆ

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. "ಸರ್ವರ್ ಇಲ್ಲ" ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳು ಅಡಗಿವೆ.

ಒಂದನೆಯದು, ದೊಡ್ಡ ಯಂತ್ರವೇ ನಿಜವಾಗಿ ಕೆಟ್ಟಿರುವುದು. ಎರಡನೆಯದು, ದಾರಿಯಲ್ಲಿ ತಂತಿ ಕಡಿದಿರುವುದು ಅಥವಾ ಕರೆಂಟ್ ಹೋಗಿರುವುದು. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಇದಾಗುವುದು ಎಲ್ಲರಿಗೂ ಗೊತ್ತು, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಮೂರನೆಯದು, ಕಿಡಿಗೇಡಿಗಳ ದಾಳಿ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2023ರಲ್ಲಿ ರಾಜ್ಯಕ್ಕೆಲ್ಲ ಬಂತು. 2025ರ ಜನವರಿಯಲ್ಲಿ ಅದು ತೆವಳತೊಡಗಿ ನೋಂದಣಿ ಕೆಲಸ ಕುಂಟಿತು. ಯಾರೋ ಬೇಕೆಂದೇ ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ಅದರ ಉಸಿರು ಕಟ್ಟಿಸಿದರು ಎಂದು ಸರ್ಕಾರ ಹೇಳಿತು, ಪೊಲೀಸರಿಗೆ ದೂರೂ ಹೋಯಿತು.

ನಾಲ್ಕನೆಯದೇ ಇವತ್ತಿನ ವಿಷಯ. ಯಂತ್ರ ಚೆನ್ನಾಗಿದೆ, ತಂತಿಯೂ ಚೆನ್ನಾಗಿದೆ, ದಾಳಿಯೂ ಇಲ್ಲ. ಆದರೂ ಕೆಲಸ ನಡೆಯುವುದಿಲ್ಲ! ಏಕೆಂದರೆ ದೊಡ್ಡ ಯಂತ್ರವನ್ನು ಮೇಲ್ದರ್ಜೆಗೆ ಏರಿಸಿದ್ದಾರೆ, ಕೌಂಟರಿನ ಕಂಪ್ಯೂಟರನ್ನು ಮರೆತಿದ್ದಾರೆ. ಮೊದಲ ಮೂರು ಕಾಯಿಲೆಗಳು ಹೇಳದೆ ಕೇಳದೆ ಬರುತ್ತವೆ. ಈ ನಾಲ್ಕನೆಯದು ದಿನಾಂಕ ಗೊತ್ತುಮಾಡಿಕೊಂಡು ನಾವೇ ಕರೆದು ತರುವ ಕಾಯಿಲೆ. ತಡೆಯುವುದೂ ನಮ್ಮ ಕೈಯಲ್ಲೇ ಇದೆ.

ಉಗ್ರಾಣ ಮತ್ತು ಗಿರಾಕಿ

ಲೆಕ್ಕವೆಲ್ಲ ಕೂಡಿಟ್ಟ ಕಡತಕ್ಕೆ ಡೇಟಾಬೇಸ್ ಅಂತಾರೆ. ಅಂಗಡಿಯವರ ಕಿರ್ದಿ, ಖಾತೆ ಪುಸ್ತಕ ಇದ್ದಂತೆಯೇ. ಆ ಪುಸ್ತಕವನ್ನು ಇಟ್ಟುಕೊಂಡು ಕಾಯುವ ಯಂತ್ರ ಸರ್ವರ್, ಅದೇ ಉಗ್ರಾಣ. ಕೌಂಟರಿನಲ್ಲಿ ಕೂತು "ಆ ಪುಟ ಕೊಡು, ಈ ಪುಟ ಬರೆದುಕೋ" ಎಂದು ಕೇಳುವ ಕಂಪ್ಯೂಟರಿಗೆ ಕ್ಲೈಂಟ್ ಎಂದು ಹೆಸರು. ನಮ್ಮ ಆಡುಮಾತಿನಲ್ಲಿ ಗಿರಾಕಿ! ಇಬ್ಬರ ನಡುವೆ ಓಡಾಡುವ ಸಣ್ಣ ತಂತ್ರಾಂಶ ಒಂದಿದೆ. ಬಸ್ಸಿನಲ್ಲಿ ಇದ್ದಂತೆ ಅದಕ್ಕೂ ಡ್ರೈವರ್ ಅಂತಲೇ ಕರೆಯುತ್ತಾರೆ.

ಗಿರಾಕಿ ಬಾಗಿಲು ತಟ್ಟಿದ ಕೂಡಲೇ ಉಗ್ರಾಣದವರು ಪುಸ್ತಕ ಕೊಡುವುದಿಲ್ಲ. "ನೀನು ಯಾರು, ಗುಟ್ಟಿನ ಮಾತು ಹೇಳು" ಅನ್ನುತ್ತಾರೆ. ಅದು ಪಾಸ್‌ವರ್ಡ್. ಕಳ್ಳರ ಕೈಗೆ ಸಿಗದಂತೆ ಆ ಮಾತನ್ನು ತಿರುಚಿ ಹೇಳಬೇಕು. ತಿರುಚುವ ವಿಧಾನ ಹಳೆಯದಾದಷ್ಟೂ ಕಳ್ಳರಿಗೆ ಸುಲಭ. ಹೀಗಾಗಿ ಕೆಲವು ವರ್ಷಕ್ಕೊಮ್ಮೆ ವಿಧಾನ ಬದಲಾಯಿಸಲೇಬೇಕು. ಇದರಲ್ಲಿ ತಪ್ಪೇನಿಲ್ಲ. ತಪ್ಪು ಎಲ್ಲಿ ಅಂದರೆ, ಉಗ್ರಾಣಕ್ಕೆ ಹೊಸ ಬೀಗ ಜಡಿದು ಗಿರಾಕಿಗೆ ಹೊಸ ಕೀಲಿಕೈ ಕೊಡದೇ ಇರುವುದರಲ್ಲಿ. ಗಿರಾಕಿ ಹಳೇ ಕೀಲಿಕೈ ತಿರುಗಿಸುತ್ತಾನೆ, ಬಾಗಿಲು ತೆರೆಯುವುದಿಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ, ಆದರೂ ಒಳಗೆ ಬಿಡುವುದಿಲ್ಲ. ಕೌಂಟರಿನವರು ನಮಗೆ ಹೇಳುವುದು ಒಂದೇ: "ಸರ್ವರ್ ಇಲ್ಲ." ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸು ನಾವು.

ಅಂಗಡಿಗೂ ಬರುವ ಪೀಡೆ

ಇದು ಸರ್ಕಾರಿ ಕಚೇರಿಯ ತಾಪತ್ರಯ ಮಾತ್ರ ಎಂದು ವರ್ತಕ ಮಿತ್ರರು ಸುಮ್ಮನಿರಬೇಡಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಚಿಕ್ಕಪುಟ್ಟ ಅಂಗಡಿಯಲ್ಲೂ ಬಿಲ್ಲು ಕಂಪ್ಯೂಟರಿಗೆ ಏರಿದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಜಗತ್ತಿನ ಎಷ್ಟೋ ತಂತ್ರಾಂಶಗಳ ಹೊಟ್ಟೆಯೊಳಗೆ ಕೂತಿದೆ. ಅದು 2004ರಲ್ಲಿ ಒಮ್ಮೆ ಪಾಸ್‌ವರ್ಡ್ ಪದ್ಧತಿ ಬದಲಿಸಿತು. ಹಳೇ ಕ್ಲೈಂಟುಗಳು ಆಗಲೇ ಬಾಗಿಲಲ್ಲಿ ನಿಂತವು. 2018ರ ಏಪ್ರಿಲಿನಲ್ಲಿ ಅದರ 8.0 ಆವೃತ್ತಿ ಬಂತು, ಮತ್ತೆ ಹೊಸ ಪದ್ಧತಿ. ಹೊಸ ಯಂತ್ರ ತಂದು, 8.0 ಹಾಕಿ, ಹೊಸ ಖಾತೆ ತೆರೆದವರ ಹಳೇ ಬಿಲ್ಲಿಂಗ್ ತಂತ್ರಾಂಶ "ಈ ಪದ್ಧತಿ ನನಗೆ ಬರುವುದಿಲ್ಲ" ಎಂದು ಕೈ ಚೆಲ್ಲಿತು. ಹಳೇ ಪದ್ಧತಿಯನ್ನು 2024ರ 8.4 ಆವೃತ್ತಿಯಲ್ಲಿ ಮುಚ್ಚಿಟ್ಟರು, ಬೇಕಾದವರು ತೆರೆದುಕೊಳ್ಳಬಹುದು. ಅದೇ ವರ್ಷದ 9.0ರಲ್ಲಿ ಪೂರ್ತಿ ಕಿತ್ತೇ ಹಾಕಿದರು. 8.0ರ ಆಯುಷ್ಯವನ್ನೂ 2026ರ ಏಪ್ರಿಲಿಗೆ ನಿಗದಿ ಮಾಡಿದರು. ಅಂದರೆ ಇವತ್ತಲ್ಲ ನಾಳೆ ಎಲ್ಲರೂ ದಾಟಲೇಬೇಕಾದ ಹೊಳೆ ಇದು.

ಕೌಂಟರಿನ ಕಡೆಯೂ ಅಷ್ಟೆ. ವಿಂಡೋಸ್ 7ಕ್ಕೆ ಕಂಪನಿಯ ಆರೈಕೆ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಆರೈಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಧೂಳು ಹಿಡಿದ ಹಳೇ ಪೆಟ್ಟಿಗೆಗೆ ಹೊಸ ಡ್ರೈವರ್ ಹತ್ತುವುದೇ ಇಲ್ಲ.

ಆಣೆ ಹೋಗಿ ಪೈಸೆ ಬಂದಾಗ

ಹೊಸದು ತರುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಒಳ್ಳೇ ಉದಾಹರಣೆ ಇದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರು ಆಣೆ ಹೋಗಿ 100 ನಯಾ ಪೈಸೆ ಬಂತು. ಅಂದು ಬೆಳಿಗ್ಗೆ ದೇಶದ ಅಂಗಡಿಗಳು ಬಾಗಿಲು ಹಾಕಿದವೇ? ಇಲ್ಲ. ಹಳೇ ಆಣೆಯೂ ಹೊಸ ಪೈಸೆಯೂ ಕೆಲವು ವರ್ಷ ಗಲ್ಲಾಪೆಟ್ಟಿಗೆಯಲ್ಲಿ ಒಟ್ಟಿಗೆ ಓಡಾಡಿದವು. ನಾಲ್ಕಾಣೆಗೆ 25 ಪೈಸೆ, ಎಂಟಾಣೆಗೆ 50 ಪೈಸೆ, ಸರಿಸಮ. ಆದರೆ ಒಂದಾಣೆಗೆ ಆರೂಕಾಲು ಪೈಸೆ! ಈ ಕಾಲು ಪೈಸೆಯ ಜಗಳ ಬರುತ್ತದೆಂದು ಮೊದಲೇ ಗೊತ್ತಿತ್ತು, ಅದಕ್ಕೇ ಪರಿವರ್ತನೆಯ ಪಟ್ಟಿ ಮಾಡಿ ಹಂಚಿದರು. ಜನ ಹೊಸದಕ್ಕೆ ಹೊಂದಿಕೊಂಡ ಮೇಲೆ 1964ರಲ್ಲಿ "ನಯಾ" ಎಂಬ ಪದವನ್ನೂ ಕೈಬಿಟ್ಟರು.

ಕಂಪ್ಯೂಟರ್ ಬಲ್ಲವರೂ ಈ ಕೆಲಸಕ್ಕೆ ಹೇಳುವ ಮದ್ದು ಇದೇ. ಕ್ರಮ ಹೀಗೆ: ಮೊದಲು ಯಾವ ಕೌಂಟರಿನಲ್ಲಿ ಯಾವ ಆವೃತ್ತಿ, ಯಾವ ಡ್ರೈವರ್ ಇದೆ ಎಂದು ಪಟ್ಟಿ ಬರೆಯಿರಿ. ಲೆಕ್ಕದ ಪ್ರತಿ ತೆಗೆದಿಡಿ, ಆ ಪ್ರತಿಯಿಂದ ಲೆಕ್ಕ ನಿಜವಾಗಿ ಮರಳಿ ಬರುತ್ತದೆಯೇ ಎಂದು ಒಮ್ಮೆ ನೋಡಿ. ಆಮೇಲೆ ಕೌಂಟರುಗಳಿಗೆ ಹೊಸ ಡ್ರೈವರ್ ಹಾಕಿ. ಹೊಸ ಡ್ರೈವರ್ ಸಾಮಾನ್ಯವಾಗಿ ಹಳೇ ಸರ್ವರಿನೊಡನೆಯೂ ಮಾತಾಡುತ್ತದೆ. ಹಳೇ ಡ್ರೈವರಿಗೆ ಹೊಸ ಸರ್ವರಿನ ಭಾಷೆ ಬರುವುದಿಲ್ಲ. ಹಾಗಾಗಿ ಗಿರಾಕಿ ಮೊದಲು, ಉಗ್ರಾಣ ಕೊನೆಗೆ. ಯಾವುದೋ ಒಂದು ಕೌಂಟರ್ ಹಿಂದೆ ಬಿದ್ದರೆ ಅದೊಂದಕ್ಕೆ ಮಾತ್ರ ಹಳೇ ಪದ್ಧತಿಯ ಖಾತೆಯನ್ನು ಕೆಲವು ದಿನ ಉಳಿಸಿ, ಇಂಥ ತಾರೀಕಿಗೆ ಮುಚ್ಚುತ್ತೇವೆ ಎಂದು ಗೋಡೆ ಮೇಲೆ ಬರೆದು, ಆ ದಿನ ಮುಚ್ಚಿ.

ಇನ್ನೊಂದು ಎಚ್ಚರಿಕೆ. ಅವಸರಕ್ಕೆ ಬಂದ ರಿಪೇರಿಯವರು "ಪಾಸ್‌ವರ್ಡೇ ತೆಗೆದುಬಿಡೋಣ ಅಣ್ಣ, ಓಡುತ್ತೆ" ಅಂದರೆ ಒಪ್ಪಬೇಡಿ. ಓಡುವುದೇನೋ ಓಡುತ್ತದೆ, ನಿಮ್ಮ ಲೆಕ್ಕವೂ ಜೊತೆಗೆ ಓಡಿಹೋಗುತ್ತದೆ.

ಹೆಸರೇ ಪ್ರಶ್ನೆಯಾದರೆ?

ಬಾಗಿಲು ತೆರೆದ ಮಾತ್ರಕ್ಕೆ ಗೆದ್ದಂತಲ್ಲ. ಕನ್ನಡಕ್ಕೇ ಇರುವ ಗೋಳು ಒಂದಿದೆ. ನಮ್ಮ ಹಳೇ ಕಡತಗಳಲ್ಲಿ ಬಹಳಷ್ಟು ನುಡಿ, ಬರಹದಂಥ ತಂತ್ರಾಂಶಗಳ ಹಳೇ ಅಕ್ಷರ ಸಂಕೇತದಲ್ಲಿ ಬರೆದವು. ಈಗಿನದು ಯೂನಿಕೋಡ್. ಪರಿವರ್ತಿಸದೆ ತುಂಬಿದರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡಿನಲ್ಲೇ ಇದ್ದರೂ, ಸರ್ವರ್ ಒಂದು ಸಂಕೇತದಲ್ಲಿ, ಕ್ಲೈಂಟ್ ಇನ್ನೊಂದರಲ್ಲಿ ಮಾತಾಡಿದರೆ ಹೆಸರೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ! ಅದನ್ನು ಹಾಗೇ ಉಳಿಸಿಬಿಟ್ಟರೆ ಮೂಲ ಹೆಸರು ಅಳಿಸಿಯೇ ಹೋಯಿತು. ಒಂದು ಒತ್ತಕ್ಷರ ತಪ್ಪಿದರೂ ಆಧಾರಿಗೆ ತಾಳೆಯಾಗುವುದಿಲ್ಲ, ಪಿಂಚಣಿ ನಿಲ್ಲುತ್ತದೆ. ವಯಸ್ಸಾದ ಅಜ್ಜಿ "ನಾನು ನಾನೇ" ಎಂದು ಪ್ರಮಾಣಪತ್ರ ಮಾಡಿಸಲು ನೋಟರಿ ಹುಡುಕಬೇಕು.

ಹಾಗಾದರೆ ಕಂಪ್ಯೂಟರೇ ಬೇಡ, ಹಳೇ ಪುಸ್ತಕವೇ ವಾಸಿ ಎನ್ನುವವರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಪಕ್ಕದ ಊರುಗಳಲ್ಲೇ ಮನೆಯ ಜೊತೆ ಕಪಾಟು, ಕಪಾಟಿನ ಜೊತೆ ಕಾಗದಪತ್ರ ಮಣ್ಣಿನಡಿ ಹೋಯಿತು. ಅಂಥವರಿಗೆ ಬೇರೆಲ್ಲೋ ಸುರಕ್ಷಿತವಾಗಿದ್ದ ದಾಖಲೆಯೇ ದಿಕ್ಕು. ಆ ದಾಖಲೆಯ ಬಾಗಿಲು ಬೇಕಾದ ದಿನ ತೆರೆಯಬೇಕು ಎಂಬುದಷ್ಟೇ ನಮ್ಮ ಕೇಳಿಕೆ.

ಲಂಡನ್ನಿನಲ್ಲೂ ಆಯಿತು, ಆದರೆ...

ಇದು ಬಡ ದೇಶದ ಕಥೆಯಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಲೆಕ್ಕವನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು. ಲೆಕ್ಕ ಸುರಕ್ಷಿತವಾಗಿ ತಲುಪಿತು. ಹೊಸ ವ್ಯವಸ್ಥೆ ಮಾತ್ರ ಮೊದಲ ದಿನವೇ ಮುಗ್ಗರಿಸಿತು, 19 ಲಕ್ಷದಷ್ಟು ಜನರಿಗೆ ಖಾತೆಯ ಬಾಗಿಲು ತೆರೆಯಲಿಲ್ಲ. ಎಲ್ಲ ಸರಿಹೋಗಲು ಡಿಸೆಂಬರ್ ಆಯಿತು. ಅಲ್ಲಿನ ನಿಯಂತ್ರಕರು 2022ರಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡಿಗೂ ಮೇಲೆ ದಂಡ ಹಾಕಿದರು. ನಮ್ಮಲ್ಲಿ ದಂಡ ಕಟ್ಟುವುದು ಯಾರು? ಸರದಿಯಲ್ಲಿ ನಿಂತವರು!

ದೂರವೇ ರೋಗದ ಮೂಲ

ನಮ್ಮ ರಾಜ್ಯ ಈ ದಾರಿಯಲ್ಲಿ ದೇಶಕ್ಕೇ ಮುಂದಿತ್ತು. 2000ದ ಸುಮಾರಿಗೆ ಬಂದ ಭೂಮಿ ಯೋಜನೆಯಲ್ಲಿ ಆಗಿನ 177 ತಾಲ್ಲೂಕುಗಳ, 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಆಗ ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಬೀಗ ಬದಲಾಯಿಸುವವರಿಗೆ ಕಿಟಕಿಯ ಹೊರಗಿನ ಸರದಿ ಕಣ್ಣಿಗೆ ಕಾಣುತ್ತಿತ್ತು. ಈಗ ಲೆಕ್ಕವೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿದೆ. ಒಂದೇ ಕಡೆ ಇರುವುದರಿಂದ ಅನುಕೂಲ ಬಹಳ, ಎಲ್ಲಿಂದ ಬೇಕಾದರೂ ಪಹಣಿ ತೆಗೆಯಬಹುದು. ಆದರೆ ಅಲ್ಲಿ ಕೂತು ಗುಂಡಿ ಒತ್ತುವವರಿಗೆ ಹೋಬಳಿಯ ಕೌಂಟರಿನಲ್ಲಿ ಎಂಥ ಹಳೇ ಪೆಟ್ಟಿಗೆ ಇದೆ ಎಂದು ಕಾಣುವುದಿಲ್ಲ. ಅಲ್ಲಿ ಎಲ್ಲ ಸರಿ, ಇಲ್ಲಿ ಎಲ್ಲ ಬಂದ್.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕೇ ನಾಲ್ಕು.

1. ಹೊಸದನ್ನು ತರುವ ಮೊದಲು ಬೆಂಗಳೂರಿನ ಹೊಚ್ಚಹೊಸ ಯಂತ್ರದಲ್ಲಿ ನೋಡಿದರೆ ಸಾಲದು. ದೂರದ ಹೋಬಳಿಯ ಅತಿ ಹಳೇ ಯಂತ್ರದಲ್ಲಿ ನೋಡಲಿ.

2. ಆಣೆ-ಪೈಸೆಯಂತೆ ಹಳೆಯದೂ ಹೊಸದೂ ನಿಗದಿತ ದಿನ ಜೊತೆಗೆ ನಡೆಯಲಿ. ದಾಖಲಾತಿ, ಫಸಲು ಪರಿಹಾರದ ಅರ್ಜಿಗಳ ಕಾಲದಲ್ಲಿ ಇಂಥ ಕೆಲಸ ಬೇಡವೇ ಬೇಡ.

3. "ಸರ್ವರ್ ಇಲ್ಲ" ಎಂಬ ಹಲಗೆ ತೆಗೆಯಲಿ. ತಂತಿಯೋ, ಯಂತ್ರವೋ, ಬೀಗವೋ, ಯಾವ ದಿನ ಸರಿಹೋಗುತ್ತದೆ ಎಂದು ಸೀಮೆಸುಣ್ಣದಲ್ಲಿ ಬರೆಯಲಿ. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ.

4. ಬಂದವರಿಗೆ ದಿನಾಂಕ ಹಾಕಿದ ಚೀಟಿ ಕೊಡಲಿ. ಆ ಚೀಟಿ ಇದ್ದರೆ ಕೊನೇ ದಿನಾಂಕ ದಾಟಿದರೂ ಅರ್ಜಿ ತೆಗೆದುಕೊಳ್ಳಲಿ. ಬಂದದ್ದಕ್ಕೆ ಸಾಕ್ಷಿಯೇ ಇಲ್ಲದಿದ್ದರೆ "ನೀವು ತಡವಾಗಿ ಬಂದಿರಿ" ಎಂಬ ಅಪವಾದವೂ ನಮ್ಮ ತಲೆಗೇ.

ಕುಶಾಲನಗರ ಹೊಸ ತಾಲ್ಲೂಕಾಯಿತು, ಸುಂಟಿಕೊಪ್ಪ ಅದರ ಹೋಬಳಿಯಾಯಿತು. ಕಚೇರಿ ಹತ್ತಿರ ಬಂತೆಂದು ಜನ ಸಂತೋಷಪಟ್ಟರು. ಕಚೇರಿ ಹತ್ತಿರ ಬಂದರೆ ಸಾಲದು, ಕೆಲಸವೂ ಹತ್ತಿರ ಬರಬೇಕು. ಬೀಗ ಎಷ್ಟು ಗಟ್ಟಿಯದಾದರೂ ಹಾಕಿಕೊಳ್ಳಲಿ, ನಮ್ಮದೇನೂ ಅಡ್ಡಿಯಿಲ್ಲ. ಕೀಲಿಕೈ ಮಾತ್ರ ಮೊದಲು ಇಲ್ಲಿಗೆ ಕಳುಹಿಸಲಿ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅಥವಾ ಅದಕ್ಕೂ ನಾಳೆಯೇ?